‘ಅಡ್ಡಿಲ್ಲ’ ಅನ್ನುವ ರೋಗಿಯ ನೋವಿಗೆ ಎಷ್ಟು ಅಂಕ? ಮೂಳೆ ಆಪರೇಷನ್ ಆದ ಮೊದಲ ಮೂರು ದಿನದ ಆರೈಕೆ

ಸ್ಟಾಫ್ ನರ್ಸ್, ತೀರ್ಥಹಳ್ಳಿ ಕಡೆ

ಮಳೆಗಾಲ ಹಿಡಿಯಿತೆಂದರೆ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿದ ಅಜ್ಜಿಯರ ಸೊಂಟದ ಮೂಳೆ, ಹೆಂಚು ಸರಿಮಾಡಲು ಮಾಡು ಹತ್ತಿ ಬಿದ್ದವರ ಹಿಮ್ಮಡಿ, ಘಾಟಿ ತಿರುವಿನಲ್ಲಿ ಬೈಕ್ ಜಾರಿ ಮುರಿದ ಮೊಣಕಾಲ ಕೆಳಗಿನ ಮೂಳೆ. ಅಡಿಕೆ ಕೊಯ್ಲು ಶುರುವಾದರೆ ಮರದಿಂದ ಬಿದ್ದ ಕೊನೆಗಾರರು. ರಾಡೋ ಪ್ಲೇಟೋ ಹಾಕಿ ವಾರ್ಡಿಗೆ ತಂದು ಮಲಗಿಸಿದ ಮೇಲೆ ಅವರ ನೋವು ನರ್ಸಿಂಗಿನವರ ಪಾಲಿನ ಕೆಲಸ.

ಕೇಳಬೇಕಾದ್ದು ಇದು. ‘ನೋವು ಹೆಂಗಿದೆ?’ ಅಂದರೆ ನಮ್ಮ ಕಡೆಯ ಜನ ‘ಅಡ್ಡಿಲ್ಲ’ ಅಂತಾರೆ. ಚಾರ್ಟಿನಲ್ಲಿ ಹತ್ತಕ್ಕೆ 2 ಅಂತ ಬೀಳುತ್ತೆ. ಬೆಳಗ್ಗೆ ಫಿಸಿಯೋ ಬಂದು ಕಾಲು ಎತ್ತಿದ ತಕ್ಷಣ ಅದೇ ಮನುಷ್ಯ ಮಂಚದ ಸರಳು ಹಿಡಿದು ಕಣ್ಣೀರು ಹಾಕುತ್ತಾನೆ. ಅಳೆಯುವುದು ಹೇಗೆ, ಔಷಧಿಯ ಹೊತ್ತು ಹೇಗಿರಬೇಕು, ಯಾವ ನೋವಿಗೆ ಡಾಕ್ಟರನ್ನು ರಾತ್ರಿಯೇ ಎಬ್ಬಿಸಬೇಕು, ಗೊತ್ತಿರುವವರು ಬಿಡಿಸಿ ಬರೆಯಿರಿ.

ಆರ್ಥೋ ವಾರ್ಡ್ ಸಿಸ್ಟರ್, ಶಿವಮೊಗ್ಗ

‘ಅಡ್ಡಿಲ್ಲ’ ಅನ್ನೋದು ಮರ್ಯಾದೆಯ ಮಾತು, ನೋವಿನ ಅಳತೆ ಅಲ್ಲ. ಸಿಸ್ಟರಿಗೆ ಯಾಕೆ ತೊಂದ್ರೆ ಅಂತ ಹಾಗಂತಾರೆ. ಅದಕ್ಕೇ ‘ಹೆಂಗಿದೆ’ ಅಂತ ಕೇಳಲೇಬಾರದು. ಎರಡು ಅಂಕ ತಗೊಳ್ಳಿ: ಅಲುಗಾಡದೆ ಮಲಗಿದಾಗ ಎಷ್ಟು, ಅಲುಗಾಡಿದಾಗ ಎಷ್ಟು. ಎರಡನೆಯದನ್ನು ಬಾಯಲ್ಲಿ ಕೇಳಿ ಬರೆಯೋದಲ್ಲ. ‘ಕಾಲ್ಬೆರಳು ಮೇಲೆ ಕೆಳಗೆ ಮಾಡಿ, ಈಗ ಸ್ವಲ್ಪ ಮಗ್ಗುಲಾಗಿ’ ಅಂತ ಮಾಡಿಸಿ, ಆವಾಗ ಕೇಳಿ. ಮಲಗಿದಾಗ 2, ಮಗ್ಗುಲಾದಾಗ 7 ಅಂತ ಬಂದರೆ ಕೇಸ್‌ಶೀಟಿನಲ್ಲಿ ‘2/7’ ಅಂತ ಎರಡೂ ಬರೀಬೇಕು. ಡಾಕ್ಟರು ರೌಂಡ್ಸಿಗೆ ಬಂದಾಗ ಔಷಧಿ ಹೆಚ್ಚಿಸೋದು ಆ 7 ನೋಡಿ.

ಸೊನ್ನೆಯಿಂದ ಹತ್ತು ಅನ್ನೋದು ಹಿರಿಯರಿಗೆ ತಲೆಗೆ ಹೋಗದಿದ್ದರೆ ಒತ್ತಾಯ ಬೇಡ. ಇಲ್ಲ, ಸ್ವಲ್ಪ, ಜಾಸ್ತಿ, ತಡೆಯೋಕಾಗಲ್ಲ, ಈ ನಾಲ್ಕು ಮಾತು ಸಾಕು. ಆದರೆ ಒಬ್ಬ ರೋಗಿಗೆ ಮೂರು ಪಾಳಿಯವರೂ ಒಂದೇ ಅಳತೆ ಇಟ್ಟುಕೊಳ್ಳಬೇಕು. ಬೆಳಗಿನವರು ಅಂಕ, ರಾತ್ರಿಯವರು ಮಾತು ಬರೆದರೆ ನೋವು ಏರಿತೋ ಇಳಿಯಿತೋ ಯಾರಿಗೂ ಗೊತ್ತಾಗಲ್ಲ.

ಅಂಕಕ್ಕಿಂತ ಅವರು ಬಳಸುವ ಪದ ಮುಖ್ಯ. ‘ಸಿಡೀತಿದೆ’ ಅಂದರೆ ಹೆಚ್ಚಾಗಿ ಊತ, ಕಾಲು ಇಟ್ಟಿರುವ ಎತ್ತರ ನೋಡಿ. ‘ಸೆಳೀತಿದೆ’ ಅಂದರೆ ತೊಡೆಯ ಸ್ನಾಯು ಹಿಡಿದುಕೊಂಡಿದೆ, ಮಲಗಿದ ರೀತಿ ಸರಿಪಡಿಸಿದರೇ ಅರ್ಧ ಇಳಿಯುತ್ತೆ. ‘ಉರಿ, ಚಳುಕು’ ಅಂದರೆ ನರ. ‘ಜೋಮು ಹಿಡಿದಿದೆ’, ‘ಬಿಗೀತಿದೆ, ಒಳಗಿಂದ ಒಡೆಯೋ ಹಾಗಿದೆ’ ಅಂದರೆ ಮಾತ್ರೆ ಹುಡುಕೋಕೆ ಹೋಗಬೇಡಿ, ಮೊದಲು ಹೊದಿಕೆ ಸರಿಸಿ ಕಾಲು ನೋಡಿ. ಅವರ ಪದವನ್ನು ಹಾಗೇ ಕನ್ನಡದಲ್ಲೇ ಬರೆದಿಡಿ. ‘ರೋಗಿಗೆ ನೋವಿದೆ’ ಅಂತ ಬರೆದರೆ ಮುಂದಿನ ಪಾಳಿಯವರಿಗೆ ಏನೂ ತಿಳಿಯಲ್ಲ.

ಅರಿವಳಿಕೆ ವಿಭಾಗ

ಸಿಸ್ಟರ್ ಹೇಳಿದ್ದಕ್ಕೆ ಹೊತ್ತಿನ ಲೆಕ್ಕ ಸೇರಿಸುತ್ತೇನೆ. ಕಾಲಿನ ಆಪರೇಷನ್ನಿಗೆ ನಮ್ಮಲ್ಲಿ ಹೆಚ್ಚಾಗಿ ಬೆನ್ನಿಗೆ ಇಂಜೆಕ್ಷನ್, ಅಂದರೆ ಸ್ಪೈನಲ್. ಹೆವಿ ಬುಪಿವಕೇನ್ ಸಾಮಾನ್ಯವಾಗಿ 2ರಿಂದ 4 ಗಂಟೆ ಕೆಲಸ ಮಾಡುತ್ತದೆ. ವಾರ್ಡಿಗೆ ಬಂದಾಗ ರೋಗಿ ಆರಾಮಾಗಿ ಮಾತಾಡುತ್ತಿರುತ್ತಾರೆ. ಆ ನೆಮ್ಮದಿ ಔಷಧಿಯದ್ದು, ಎರಡು ಗಂಟೆಯಲ್ಲಿ ಹೋಗುತ್ತದೆ. ಕಾಲ್ಬೆರಳು ಅಲುಗಾಡತೊಡಗಿತು ಅಂದರೆ ಸ್ಪೈನಲ್ ಇಳಿಯುತ್ತಿದೆ. ಮೊದಲ ಡೋಸ್ ಅಷ್ಟರೊಳಗೆ ಹೋಗಿರಬೇಕು. ನೋವು ಏರಿದ ಮೇಲೆ ಕೊಟ್ಟರೆ ಹಿಡಿತಕ್ಕೆ ತರಲು ಹೆಚ್ಚು ಔಷಧಿ ಬೇಕು, ವಾಂತಿ, ಮಂಪರೂ ಹೆಚ್ಚು.

ತಳಪಾಯ ಪ್ಯಾರಾಸಿಟಮಾಲ್. ಕೇಳಿದರೂ ಕೇಳದಿದ್ದರೂ 6 ಗಂಟೆಗೊಮ್ಮೆ, ಡ್ರಿಪ್ಪಿನಲ್ಲಿ. 50 ಕೆಜಿ ಮೇಲಿನವರಿಗೆ 1 ಗ್ರಾಂ, 15 ನಿಮಿಷದಲ್ಲಿ ಹೋಗಬೇಕು, ದಿನಕ್ಕೆ ಎಲ್ಲ ಸೇರಿ 4 ಗ್ರಾಂ ಮೀರಬಾರದು. ಲಿವರ್ ತೊಂದರೆ ಇದ್ದವರಿಗೆ, ದಿನಾ ಕುಡಿಯುವವರಿಗೆ, ಊಟ ಬಿಟ್ಟು ಸೊರಗಿದವರಿಗೆ ಇನ್ನೂ ಕಡಿಮೆ. ಮಿತಿ ಎಷ್ಟೆಂದು ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

ತಪ್ಪಾಗುವುದು ಇಲ್ಲಿ. ಸೊಂಟ ಮುರಿದ ಅಜ್ಜಿಯ ತೂಕ 40 ಕೆಜಿ ಅನ್ನಿ. ಕೆಜಿಗೆ 15 ಎಂಜಿಯಂತೆ 600 ಎಂಜಿ, ಅಂದರೆ 1 ಗ್ರಾಂ ಇರುವ 100 ಎಂಎಲ್ ಬಾಟಲಿಯಲ್ಲಿ 60 ಎಂಎಲ್ ಮಾತ್ರ. ‘60 ಆದಾಗ ನಿಲ್ಲಿಸ್ತೀನಿ’ ಅಂದುಕೊಂಡು ಪೂರ್ತಿ ಬಾಟಲಿ ನೇತುಹಾಕಿದರೆ, ಪಕ್ಕದ ಮಂಚದವರು ಕರೆದಾಗ ಬಾಟಲಿ ಖಾಲಿಯಾಗಿರುತ್ತದೆ. ಮೊದಲೇ 40 ಎಂಎಲ್ ಸಿರಿಂಜಿನಲ್ಲಿ ಎಳೆದು ಚೆಲ್ಲಿ, ಆಮೇಲೆ ಹಾಕಿ. ಗಾಜಿನ ಬಾಟಲಿಗೆ ಗಾಳಿಸೂಜಿ ಚುಚ್ಚಿದ್ದರೆ ಕೊನೆಯ ಹನಿಗಳ ಹೊತ್ತಿಗೆ ಪಕ್ಕದಲ್ಲೇ ಇರಬೇಕು, ಇಲ್ಲದಿದ್ದರೆ ಗಾಳಿ ರಕ್ತನಾಳಕ್ಕೆ ಹೋಗುತ್ತದೆ.

ತೂಕ ನೋಡದೆ ಡೋಸ್ ಬೇಡ. ನಿಲ್ಲಲಾಗದವರ ತೂಕವನ್ನು ಮನೆಯವರನ್ನು ಕೇಳಿ, ನೋಡಿ ಅಂದಾಜಿಸಿ, ಕೇಸ್‌ಶೀಟಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆಯಿರಿ.

ಬಿ.ಎಸ್ಸಿ. ನರ್ಸಿಂಗ್, ಮೂರನೇ ವರ್ಷ

ಸರ್, ಎಷ್ಟೋ ಕಡೆ ಆರ್ಡರಿನಲ್ಲಿ ‘ಎಸ್‌ಒಎಸ್’ ಅಂತಲೇ ಇರುತ್ತಲ್ಲ? ಬೇಕಾದಾಗ ಕೊಟ್ಟರೆ ಔಷಧಿ ಕಡಿಮೆ ಖರ್ಚಾಗೋದಿಲ್ವಾ?

ಆರ್ಥೋ ವಾರ್ಡ್ ಸಿಸ್ಟರ್, ಶಿವಮೊಗ್ಗ

ಇಲ್ಲಮ್ಮ. ಎಸ್‌ಒಎಸ್ ಅಂದರೆ ರೋಗಿ ಕೇಳಬೇಕು. ‘ಅಡ್ಡಿಲ್ಲ’ ಅನ್ನುವವರು ಕೇಳ್ತಾರಾ? ರಾತ್ರಿ ಹನ್ನೊಂದರ ತನಕ ಹಲ್ಲು ಕಚ್ಚಿ, ಎರಡು ಗಂಟೆಗೆ ಮಗನನ್ನ ಎಬ್ಬಿಸಿ, ಮಗ ನಿಮ್ಮನ್ನ ಎಬ್ಬಿಸಿ, ಸ್ಟಾಕ್ ತೆಗೆದು ಕೊಡೋ ಹೊತ್ತಿಗೆ ಎರಡೂವರೆ. ಮೊದಲ 48ರಿಂದ 72 ಗಂಟೆ ತಳಪಾಯದ ಔಷಧಿಗೆ ಗಡಿಯಾರದ ಹೊತ್ತೇ ಆಗಬೇಕು: 6, 12, 6, 12. ಎಸ್‌ಒಎಸ್ ಅನ್ನೋದು ಅದರ ಮೇಲೆ, ತಳಪಾಯ ಸಾಲದೆ ಬಂದಾಗ. ಆರ್ಡರಿನಲ್ಲಿ ಬರೀ ಎಸ್‌ಒಎಸ್ ಇದ್ದರೆ ಸಂಜೆ ರೌಂಡ್ಸಿನಲ್ಲೇ ಕೇಳಿ ತಿದ್ದಿಸಿಕೊಳ್ಳಿ. ಸಂಕೋಚ ಬೇಡ.

ಇನ್ನೊಂದು: ಕೊಟ್ಟು ಹೋಗಿಬಿಡೋದಲ್ಲ. ರಕ್ತನಾಳಕ್ಕೆ ಕೊಟ್ಟಿದ್ದಾದರೆ 15ರಿಂದ 30 ನಿಮಿಷಕ್ಕೆ, ಬಾಯಿಗೆ ಕೊಟ್ಟಿದ್ದಾದರೆ ಒಂದು ಗಂಟೆಗೆ ವಾಪಸ್ ಹೋಗಿ ಮತ್ತೆ ಅಂಕ ತಗೊಂಡು ಬರೀಬೇಕು. 7 ಇದ್ದದ್ದು 6 ಆಯ್ತು ಅಂದರೆ ಅದು ಕೆಲಸ ಮಾಡಿಲ್ಲ ಅಂತಲೇ ಅರ್ಥ.

ಫಾರ್ಮಸಿಸ್ಟ್, ಸಾಗರ

ಒಳರೋಗಿಗಳ ಚೀಟಿಗಳಲ್ಲಿ ಕಣ್ಣಿಗೆ ಬೀಳುವ ನಾಲ್ಕು ವಿಷಯ.

ಟ್ರಮಡಾಲ್ (ಪ್ಯಾರಾಸಿಟಮಾಲಿಗಿಂತ ಬಲವಾದ ನೋವಿನ ಔಷಧಿ) ಒಂದೇ ಸಲಕ್ಕೆ ತಳ್ಳಿದರೆ ವಾಂತಿ, ತಲೆಸುತ್ತು ಗ್ಯಾರಂಟಿ. ಆಮೇಲೆ ರೋಗಿ ‘ಆ ಇಂಜೆಕ್ಷನ್ ಬೇಡವೇ ಬೇಡ’ ಅಂತ ನೋವು ಬಚ್ಚಿಡುತ್ತಾನೆ. 50 ಎಂಜಿಯನ್ನು 100 ಎಂಎಲ್ ನಾರ್ಮಲ್ ಸಲೈನಿಗೆ ಹಾಕಿ 20ರಿಂದ 30 ನಿಮಿಷದಲ್ಲಿ ಕೊಡಿ. ದಿನಕ್ಕೆ 400 ಎಂಜಿ ಗಡಿ, 75 ವರ್ಷ ದಾಟಿದವರಿಗೆ 300. ಫಿಟ್ಸ್ ಬರುವವರಿಗೆ ಬೇಡ. ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಿದ್ದಾರಾ ಅಂತ ಮೆಲ್ಲಗೆ, ಒಬ್ಬರೇ ಇದ್ದಾಗ ಕೇಳಿ. ಕೆಲವು ಮಾತ್ರೆಗಳ ಜೊತೆ ಟ್ರಮಡಾಲ್ ಸೇರಿದರೆ ನಡುಕ, ಬೆವರು, ಗಾಬರಿ, ಜ್ವರ ಬರುತ್ತದೆ.

ಎರಡನೆಯದು ಪ್ಯಾರಾಸಿಟಮಾಲಿನ ಗುಪ್ತ ಲೆಕ್ಕ. ಟ್ರಮಡಾಲ್ ಕಾಂಬಿ ಮಾತ್ರೆಯಲ್ಲಿ 325 ಎಂಜಿ ಪ್ಯಾರಾಸಿಟಮಾಲ್ ಅದಾಗಲೇ ಇರುತ್ತದೆ. ಮನೆಯವರ ಚೀಲದಲ್ಲಿ ಡೋಲೋ 650 ಇದ್ದೇ ಇರುತ್ತದೆ, ಅದೂ ಪ್ಯಾರಾಸಿಟಮಾಲೇ. ಡ್ರಿಪ್ಪಿನಲ್ಲಿ 4 ಗ್ರಾಂ ಹೋಗುತ್ತಿರುವಾಗ ಇದೂ ಸೇರಿದರೆ? ಚೀಲದ ಮಾತ್ರೆಗಳನ್ನು ಮೊದಲ ದಿನವೇ ಕೇಳಿ ತೆಗೆಸಿಡಿ.

ಮೂರನೆಯದು ಡೈಕ್ಲೋಫೆನಾಕ್, ನೋವು, ಊತ ಇಳಿಸುವ ಇಂಜೆಕ್ಷನ್. 75 ಎಂಜಿ ಪಿರ್ರೆಯ ಮೇಲಿನ ಹೊರಭಾಗಕ್ಕೆ ಆಳವಾಗಿ, ದಿನಕ್ಕೆ 150 ದಾಟದಂತೆ, ಎರಡು ದಿನಕ್ಕಿಂತ ಹೆಚ್ಚಿಲ್ಲ. ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ಏರಿದ್ದರೆ, ಹೊಟ್ಟೆಹುಣ್ಣಿದ್ದರೆ, ಹೃದಯದ ತೊಂದರೆ ಇದ್ದರೆ ಬೇಡ. ಮುರಿದ ಮೂಳೆ ಕೂಡುವುದನ್ನು ಈ ಗುಂಪಿನ ಔಷಧಿ ನಿಧಾನ ಮಾಡುತ್ತದೋ ಇಲ್ಲವೋ ಎಂಬ ವಾದ ಮುಗಿದಿಲ್ಲ. ಹಾಗಾಗಿ ಕೆಲವು ಸರ್ಜನ್‌ಗಳು ಬೇಡ ಅನ್ನುತ್ತಾರೆ, ಕೆಲವರು ಕೆಲವೇ ದಿನಕ್ಕೆ ಒಪ್ಪುತ್ತಾರೆ. ನಿಮ್ಮ ಸರ್ಜನ್ ಯಾವ ಕಡೆ ಅಂತ ತಿಳಿದುಕೊಂಡಿರಿ.

ನಮ್ಮ ಜಿಲ್ಲೆಯ ಮಟ್ಟಿಗೆ ಇನ್ನೊಂದು. ಮಂಗನ ಕಾಯಿಲೆ ಮೊದಲು ಗುರುತಾಗಿದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇ ತನಕ ಕಾಡಂಚಿನಿಂದ ಬಂದ ರೋಗಿಗೆ ಆಪರೇಷನ್ ಆದ ಮೇಲೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ‘ಗಾಯದ ಜ್ವರ’ ಅಂದುಕೊಂಡು ಡೈಕ್ಲೋ ಚುಚ್ಚಬೇಡಿ. ಆ ಕಾಯಿಲೆಯಲ್ಲಿ ರಕ್ತಸ್ರಾವದ ಅಪಾಯ ಇದೆ, ಪ್ಲೇಟ್ಲೆಟ್ ನೋಡುವ ತನಕ ಸ್ನಾಯುವಿಗೆ ಇಂಜೆಕ್ಷನ್ನೇ ಬೇಡ. ಮಳೆಗಾಲದಲ್ಲಿ ಇಲಿ ಜ್ವರವಾದರೆ ಪೆಟ್ಟು ಬೀಳುವುದು ಕಿಡ್ನಿಗೆ, ಆಗಲೂ ಡೈಕ್ಲೋ ಬೇಡ.

ಸ್ಟಾಫ್ ನರ್ಸ್, ತೀರ್ಥಹಳ್ಳಿ ಕಡೆ

ತುಂಬಾ ಉಪಕಾರ. ಸಿಸ್ಟರ್, ‘ಬಿಗೀತಿದೆ’ ಅಂದರೆ ಮೊದಲು ಕಾಲು ನೋಡಿ ಅಂದಿರಿ. ಏನು ನೋಡಬೇಕು? ಊತಕ್ಕೆ ದಿಂಬು ಇನ್ನೊಂದು ಸೇರಿಸಿ ಎತ್ತರ ಮಾಡೋದು ಸರಿಯಾ?

ಆರ್ಥೋ ವಾರ್ಡ್ ಸಿಸ್ಟರ್, ಶಿವಮೊಗ್ಗ

ಈ ಒಂದು ವಿಷಯ ಬಾಯಿಪಾಠ ಆಗಬೇಕು. ಮೊಣಕಾಲ ಕೆಳಗೆ ಸ್ನಾಯುಗಳು ನಾಲ್ಕು ಬಿಗಿ ಚೀಲಗಳಲ್ಲಿವೆ. ಒಳಗೆ ರಕ್ತ, ಊತ ತುಂಬಿದರೆ ಚೀಲ ಹಿಗ್ಗಲ್ಲ, ಒತ್ತಡ ಏರುತ್ತೆ, ಸ್ನಾಯುವಿಗೆ ರಕ್ತ ನಿಲ್ಲುತ್ತೆ. ಅದೇ ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ರಾಡ್ ಹಾಕಿದ ಮೇಲೂ ಬರುತ್ತೆ, ಸ್ಲ್ಯಾಬ್ (ಅರ್ಧ ಪ್ಲಾಸ್ಟರ್ ಪಟ್ಟಿ) ಬಿಗಿಯಾದರೂ ಬರುತ್ತೆ, ಮುಂಗೈ ಮುರಿತದಲ್ಲೂ ಬರುತ್ತೆ. 6 ಗಂಟೆ ಮೀರಿದರೆ ಸ್ನಾಯು ಉಳಿಯೋದು ಕಷ್ಟ.

ಮೊದಲ ಗುರುತು: ಕೊಟ್ಟ ಔಷಧಿಗೆ ಜಗ್ಗದ ನೋವು. ಸರಿಯಾದ ಡೋಸ್ ಹೋಗಿ ಅರ್ಧ ಗಂಟೆ ಆದರೂ ಏರುತ್ತಲೇ ಇದ್ದರೆ, ಎರಡು ಗಂಟೆಯಲ್ಲಿ ಮತ್ತೆ ಮತ್ತೆ ಔಷಧಿ ಕೇಳಿದರೆ, ಅದು ಇನ್ನೊಂದು ಆಂಪೂಲ್ ಒಡೆಯೋ ಹೊತ್ತಲ್ಲ. ರೋಗಿಯ ಹೆಬ್ಬೆರಳನ್ನ ನೀವೇ ಹಿಡಿದು ಮೆಲ್ಲಗೆ ಕೆಳಕ್ಕೆ ಬಗ್ಗಿಸಿ. ಮುಂಗಾಲಿನ ಸ್ನಾಯು ಆಗ ಎಳೆಯುತ್ತೆ. ಅಷ್ಟಕ್ಕೇ ಮಂಚದಿಂದ ಎದ್ದು ಕೂರುವ ಹಾಗೆ ನೋವು ಬಂದರೆ ಅನುಮಾನ ಗಟ್ಟಿ. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವಿನ ಜಾಗ ಮುಟ್ಟಿ ಕೇಳಿ, ಅಲ್ಲಿ ಜೋಮಿದ್ದರೆ ನರಕ್ಕೂ ಒತ್ತಡ ತಾಗಿದೆ. ಮೀನಖಂಡ ಒತ್ತಿ ನೋಡಿ, ಹಲಗೆ ಮುಟ್ಟಿದ ಹಾಗಿದೆಯಾ?

‘ಪಲ್ಸ್ ಸಿಗ್ತಿದೆ, ಬೆರಳು ಕೆಂಪಗಿದೆ, ಏನೂ ಆಗಿಲ್ಲ’ ಅನ್ನಬೇಡಿ. ದೊಡ್ಡ ರಕ್ತನಾಳದ ಒತ್ತಡ ಹೆಚ್ಚು, ಅದು ಕೊನೆಯವರೆಗೂ ಬಡಿಯುತ್ತೆ. ಪಲ್ಸ್ ಹೋಗೋ ತನಕ ಕಾದರೆ ಕಾಲು ಹೋಗಿರುತ್ತೆ.

ಮಾಡೋದು: ಒಬ್ಬರು ಡಾಕ್ಟರಿಗೆ ಫೋನ್ ಮಾಡ್ತಿರುವಾಗಲೇ ಇನ್ನೊಬ್ಬರು ಕ್ರೇಪ್ ಬ್ಯಾಂಡೇಜ್, ಒಳಗಿನ ಹತ್ತಿ, ಡ್ರೆಸ್ಸಿಂಗ್ ಎಲ್ಲ ಉದ್ದಕ್ಕೆ ಚರ್ಮ ಕಾಣುವ ತನಕ ಕತ್ತರಿಸಿ ಬಿಡಿಸಿ. ಮೇಲಿನ ಪಟ್ಟಿ ಸಡಿಲ ಮಾಡಿ ಹತ್ತಿ ಬಿಟ್ಟರೆ ಪ್ರಯೋಜನ ಇಲ್ಲ, ರಕ್ತ ಒಣಗಿದ ಹತ್ತಿಯೇ ಕಟ್ಟಿದ ಹಾಗೆ ಬಿಗಿಯುತ್ತೆ. ಕಾಲು ಎದೆಯ ಮಟ್ಟಕ್ಕೆ ಇಳಿಸಿ. ದಿಂಬು ಸೇರಿಸಿ ಎತ್ತರ ಮಾಡೋದು ಈ ಹೊತ್ತಿನಲ್ಲಿ ತಪ್ಪು, ಮೊದಲೇ ಕಡಿಮೆ ಇರುವ ರಕ್ತ ಇನ್ನೂ ಕಡಿಮೆ ಆಗುತ್ತೆ. ಐಸ್ ತೆಗೀರಿ. ಬಿಪಿ ಬಿದ್ದಿದ್ದರೆ ಹೇಳಿ, ಅದೂ ಸ್ನಾಯುವಿಗೆ ರಕ್ತ ಕಡಿಮೆ ಮಾಡುತ್ತೆ. ಬಾಯಿಗೆ ಏನೂ ಕೊಡಬೇಡಿ, ಥಿಯೇಟರಿಗೆ ಹೋಗಬೇಕಾಗಬಹುದು. ಹೊತ್ತು ಬರೆಯಿರಿ: ನೋವು ಶುರುವಾದದ್ದು, ಬಿಡಿಸಿದ್ದು, ಫೋನ್ ಮಾಡಿದ್ದು.

ನಿಮ್ಮಲ್ಲಿಂದ ಶಿವಮೊಗ್ಗಕ್ಕೆ 60 ಕಿ.ಮೀ. ಆಸುಪಾಸು. ಮಳೆಯಲ್ಲಿ, ರಾತ್ರಿಯಲ್ಲಿ, ಆಂಬುಲೆನ್ಸ್ ಬಂದು ಹೊರಡೋದೂ ಸೇರಿದರೆ ಎರಡು ಗಂಟೆ ಹಿಡಿಯಿರಿ. ಆ 6 ಗಂಟೆಯಲ್ಲಿ ನಿಮಗೆ ಸಿಗೋದು ನಾಲ್ಕೇ. ಅನುಮಾನ ಬಂದ ಕೂಡಲೇ ಎಬ್ಬಿಸಿ ಅನ್ನೋದು ಅದಕ್ಕೇ.

ಅರಿವಳಿಕೆ ವಿಭಾಗ

ಒಂದು ಮಾತು ಮಾತ್ರ. ನರಕ್ಕೆ ಬ್ಲಾಕ್, ಅಂದರೆ ನರದ ಸುತ್ತ ಮರಗಟ್ಟಿಸುವ ಇಂಜೆಕ್ಷನ್, ಕೊಟ್ಟಿದ್ದರೆ ಈ ನೋವೇ ಗೊತ್ತಾಗದೆ ಹೋಗಬಹುದು. ಆಗ ಬಿಗಿತ, ಬೆರಳಿನ ಚಲನೆ, ಎರಡೂ ಕಾಲಿನ ಸುತ್ತಳತೆ ನಂಬಬೇಕು. ಬ್ಲಾಕ್ ಆದ ರೋಗಿ ‘ನೋವಿಲ್ಲ’ ಅಂದರೂ ಮೊದಲ ಗಂಟೆ 15 ನಿಮಿಷಕ್ಕೊಮ್ಮೆ, ಆಮೇಲೆ ಗಂಟೆಗೊಮ್ಮೆ ನೋಡುವುದನ್ನು ಬಿಡಬೇಡಿ.

ಫಿಸಿಯೋ, ಹೊಸನಗರ

ಬೆಳಗ್ಗೆ 9ಕ್ಕೆ ಕೂರಿಸುವುದಿದ್ದರೆ ಮಾತ್ರೆ 8ಕ್ಕೆ ಹೋಗಿರಬೇಕು, ನಾಳಕ್ಕಾದರೆ 8.30ಕ್ಕೆ. ಡ್ರೆಸ್ಸಿಂಗ್, ಡ್ರೈನ್ ತೆಗೆಯುವುದಕ್ಕೂ ಇದೇ ಲೆಕ್ಕ. ನಮ್ಮ ಹೊತ್ತನ್ನು ಹಿಂದಿನ ಸಂಜೆಯೇ ಕೇಳಿಟ್ಟುಕೊಂಡರೆ ರೋಗಿಗೆ ಒಳ್ಳೆಯದು.

ಇನ್ನು ದಿಂಬು. ಊತಕ್ಕೆ ಕಾಲು ಎತ್ತರಿಸುವಾಗ ಮೀನಖಂಡದ ಉದ್ದಕ್ಕೂ ಆಧಾರ ಇರಬೇಕು, ಹಿಮ್ಮಡಿ ಗಾಳಿಯಲ್ಲಿ ತೇಲಬೇಕು. ಹಿಮ್ಮಡಿ ಹಾಸಿಗೆಗೆ ಒತ್ತಿದರೆ ಎರಡೇ ದಿನದಲ್ಲಿ ಹುಣ್ಣು. ಬರೀ ಮಂಡಿಯ ಕೆಳಗೆ ಗುಂಡು ದಿಂಬು ಇಟ್ಟರೆ ಆ ಹೊತ್ತಿಗೆ ಹಿತ, ಆಮೇಲೆ ಮಂಡಿ ಬಗ್ಗಿಯೇ ನಿಲ್ಲುತ್ತದೆ. ಕಾಲು ಹೊರಕ್ಕೆ ವಾಲಿ ಮಲಗಿದರೆ ಮಂಡಿಯ ಹೊರಬದಿಯ ಉಬ್ಬಿನ ಕೆಳಗಿರುವ ನರಕ್ಕೆ ಒತ್ತಡ ಬಿದ್ದು ಪಾದ ಜೋತುಬೀಳುತ್ತದೆ, ಕಾಲು ಎತ್ತರಕ್ಕಿಡುವ ಲೋಹದ ಚೌಕಟ್ಟಾದ ಬಿಬಿ ಸ್ಪ್ಲಿಂಟಿನ ಸರಳು ತಾಗಿದರೂ ಹಾಗೇ. ‘ಪಾದ ಮೇಲಕ್ಕೆ ಎತ್ತಿ’ ಅಂತ ಪಾಳಿಗೊಮ್ಮೆ ಕೇಳಿ. ಸೊಂಟದ ಆಪರೇಷನ್ನಿನವರಿಗೆ ಎರಡು ಕಾಲಿನ ನಡುವೆ ದಿಂಬು, ತಿರುಗಿಸುವಾಗ ಇಬ್ಬರು ಸೇರಿ ಮೈಯನ್ನು ಒಂದೇ ಮರದ ದಿಮ್ಮಿಯಂತೆ ತಿರುಗಿಸಬೇಕು. ಮುಟ್ಟುವ ಮೊದಲು ‘ಈಗ ತಿರುಗಿಸ್ತೀವಿ’ ಅಂತ ಹೇಳಿ. ಹೇಳದೆ ಎಳೆದರೆ ಭಯಕ್ಕೇ ಸ್ನಾಯು ಹಿಡಿದುಕೊಳ್ಳುತ್ತದೆ.

ಐಸ್ 15ರಿಂದ 20 ನಿಮಿಷ, ತೆಳು ಬಟ್ಟೆ ಸುತ್ತಿ, ಎರಡು ಗಂಟೆಗೊಮ್ಮೆ. ಸ್ಪರ್ಶ ಮರಳದ ಕಾಲಿಗೆ ಬೇಡ. ಜುಲೈ ಚಳಿಯಲ್ಲಿ ಪಾದ ತಣ್ಣಗಿದೆ ಅಂತ ಗಾಬರಿಯೂ ಬೇಡ, ಆರಾಮಿರುವ ಪಾದ ಮುಟ್ಟಿ ಹೋಲಿಸಿ. ಒಂದು ಕಾಲು ಮಾತ್ರ ತಣ್ಣಗಿದ್ದರೆ ಅದು ಚಳಿಯಲ್ಲ.

ಹಿರಿಯ ಶುಶ್ರೂಷಕಿ, ಶೃಂಗೇರಿ

ಮರೆವಿನ ಕಾಯಿಲೆಯ ಹಿರಿಯರ ಬಗ್ಗೆ ಯಾರೂ ಹೇಳಲಿಲ್ಲ. ಅವರು ಅಂಕ ಹೇಳಲ್ಲ, ‘ಅಡ್ಡಿಲ್ಲ’ ಅಂತಲೂ ಹೇಳಲ್ಲ. ‘ಪೇನಾಡ್’ ಅಳತೆ ಬಳಸಿ: ಉಸಿರು, ನರಳುವ ಸದ್ದು, ಮುಖ, ಮೈಯ ಬಿಗಿತ, ಸಮಾಧಾನ ಮಾಡಿದರೆ ಸುಮ್ಮನಾಗುತ್ತಾರಾ; ಒಂದೊಂದಕ್ಕೆ 0ಯಿಂದ 2, ಒಟ್ಟು 10. ತಿರುಗಿಸುವಾಗ ನೋಡಿ ಅಂಕ ಹಾಕಿ.

ರಾತ್ರಿ ಅಜ್ಜ ಡ್ರಿಪ್ ಕೀಳ್ತಿದ್ದಾರೆ, ‘ತೋಟಕ್ಕೆ ಹೋಗ್ಬೇಕು’ ಅಂತ ಏಳ್ತಿದ್ದಾರೆ ಅಂದರೆ ಕೈ ಕಟ್ಟುವ ಮೊದಲು ಇಷ್ಟು ನೋಡಿ: ನೋವಿನ ಔಷಧಿ ಯಾವಾಗ ಹೋಗಿದ್ದು, ಆಕ್ಸಿಜನ್ ಎಷ್ಟು, ಸಕ್ಕರೆ ಎಷ್ಟು, ಕೊನೆಗೆ ಹೊಕ್ಕುಳ ಕೆಳಗೆ ಕೈಯಿಟ್ಟು ನೋಡಿ. ಸ್ಪೈನಲ್ ಆದವರಿಗೆ ಮೂತ್ರ ಕಟ್ಟಿ ಹೊಟ್ಟೆ ಉಬ್ಬಿರುತ್ತೆ, ಅದನ್ನ ಹೇಳಲು ಬಾರದೆ ಒದ್ದಾಡ್ತಾರೆ. ಮೂತ್ರ ತೆಗೆದರೆ ಮಗುವಿನ ಹಾಗೆ ಮಲಗ್ತಾರೆ. ತೊಡೆ ಮೂಳೆ ಮುರಿದವರಲ್ಲಿ 24ರಿಂದ 72 ಗಂಟೆಯೊಳಗೆ ಗೊಂದಲದ ಜೊತೆ ಏದುಸಿರು, ಎದೆ ಅಥವಾ ಕಂಕುಳಲ್ಲಿ ಚುಕ್ಕೆ ಕಂಡರೆ ಕೊಬ್ಬಿನ ಕಣ ಶ್ವಾಸಕೋಶಕ್ಕೆ ಹೋಗಿರಬಹುದು, ಅದು ತುರ್ತು.

ಟ್ರಮಡಾಲ್, ಮಾರ್ಫಿನ್ ಶುರುವಾದ ದಿನವೇ ಮಲಬದ್ಧತೆಗೂ ಔಷಧಿ ಶುರುವಾಗಲಿ. ಮಾರ್ಫಿನ್ ಕೊಟ್ಟವರಲ್ಲಿ ಉಸಿರಿಗಿಂತ ಮೊದಲು ಕೆಡುವುದು ಎಚ್ಚರ. ಮಾತಾಡುತ್ತಲೇ ಅರ್ಧಕ್ಕೆ ನಿದ್ದೆಗೆ ಜಾರಿದರೆ ಮುಂದಿನ ಡೋಸ್ ನಿಲ್ಲಿಸಿ, ಉಸಿರು ಪೂರ್ತಿ ಒಂದು ನಿಮಿಷ ಎಣಿಸಿ. 10ಕ್ಕಿಂತ ಕಡಿಮೆ ಇದ್ದರೆ ಆಕ್ಸಿಜನ್ ಹಾಕಿ, ಕೂಗಿ ಎಬ್ಬಿಸುತ್ತಾ ಡಾಕ್ಟರನ್ನು ಕರೆಯಿರಿ. ಮಾರ್ಫಿನಿನ ಪರಿಣಾಮ ಇಳಿಸುವ ನಾಲೋಕ್ಸೋನ್ 0.4 ಎಂಜಿ ಆಂಪೂಲನ್ನು 10 ಎಂಎಲ್ ಮಾಡಿ, ಆರ್ಡರಿನಂತೆ 1–2 ಎಂಎಲ್ ಎರಡು ನಿಮಿಷಕ್ಕೊಮ್ಮೆ. ಪೂರ್ತಿ ಒಮ್ಮೆಲೇ ಕೊಟ್ಟರೆ ನೋವೆಲ್ಲ ಒಟ್ಟಿಗೆ ಮರಳುತ್ತೆ. ಅದರ ಶಕ್ತಿ ಮಾರ್ಫಿನಿಗಿಂತ ಬೇಗ ಇಳಿಯುತ್ತೆ, ಎಚ್ಚರಾದರು ಅಂತ ಬಿಟ್ಟು ಹೋಗಬೇಡಿ.

ಸಮುದಾಯ ಆರೋಗ್ಯ, ಕೊಪ್ಪ

ಮನೆಗೆ ಕಳಿಸುವಾಗ ಪ್ಯಾಚ್, ಅಂದರೆ ಚರ್ಮದ ಮೂಲಕ ನೋವಿನ ಔಷಧಿ ಇಳಿಸುವ ಅಂಟುಪಟ್ಟಿ, ಅಂಟಿಸಿ ಕಳಿಸುವುದು ಹೆಚ್ಚಾಗಿದೆ. ಬ್ಯುಪ್ರೆನಾರ್ಫಿನ್ ಪ್ಯಾಚ್ ಕೆಲಸ ಶುರುಮಾಡಲು ಅರ್ಧ ದಿನವಾದರೂ ಬೇಕು, ಅದರ ನಂಬಿಕೆಯಲ್ಲಿ ಮಾತ್ರೆ ನಿಲ್ಲಿಸಬಾರದು. ನಮ್ಮ ಊರಿನ ಅಪಾಯ ಬೇರೆಯೇ: ಬಚ್ಚಲೊಲೆ ಮುಂದೆ ಕೂತು ಚಳಿ ಕಾಯಿಸುವುದು, ಪ್ಯಾಚ್ ಮೇಲೆ ಬಿಸಿನೀರಿನ ಚೀಲ ಇಡುವುದು. ಬಿಸಿ ತಾಗಿದರೆ ಔಷಧಿ ಒಮ್ಮೆಲೇ ಒಳಗಿಳಿಯುತ್ತದೆ, ಮಂಪರು, ವಾಂತಿ. ಹಂಡೆಯ ಸುಡುಸುಡು ನೀರು ಆ ಭುಜಕ್ಕೆ ಹೊಯ್ಯಬೇಡಿ ಅಂತ ಮನೆಯ ಹೆಂಗಸರಿಗೇ ಹೇಳಬೇಕು. ತೆಗೆದ ಪ್ಯಾಚ್ ಅಂಟುಭಾಗ ಒಳಗಾಗಿ ಮಡಚಿ, ಮಕ್ಕಳ ಕೈಗೆ ಸಿಗದಂತೆ ಎಸೆಯಬೇಕು.

ನೋವಿದೆ ಅಂತ ಎಣ್ಣೆ ಹಾಕಿ ತಿಕ್ಕಿಸುವುದು, ನಾಟಿ ಕಟ್ಟು ಕಟ್ಟಿಸುವುದು ಬೇಡ. ಅದರಲ್ಲೂ ಮೀನಖಂಡ. ಅಲ್ಲಿ ಹೊಸದಾಗಿ ನೋವು, ಊತ, ಬಿಸಿ ಬಂದರೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು.

ಸ್ಟಾಫ್ ನರ್ಸ್, ತೀರ್ಥಹಳ್ಳಿ ಕಡೆ

ಕೊನೆಯ ಸಂದೇಹ. ಕೈ ಮುರಿತಕ್ಕೆ ಕುತ್ತಿಗೆ ಹತ್ತಿರ ಬ್ಲಾಕ್ ಕೊಟ್ಟವರು ಸಂಜೆ ತನಕ ನಗ್ತಾ ಇರ್ತಾರೆ, ನಡುರಾತ್ರಿ ಒಮ್ಮೆಲೇ 9. ಇದು ಕಂಪಾರ್ಟ್‌ಮೆಂಟಾ, ಬ್ಲಾಕ್ ಇಳಿದದ್ದಾ?

ಅರಿವಳಿಕೆ ವಿಭಾಗ

ಎರಡೂ ಆಗಬಹುದು, ಅದಕ್ಕೆ ಮೊದಲು ಬೆರಳು ನೇರ ಮಾಡಿ ನೋಡಿ, ಮುಂಗೈ ಒತ್ತಿ ನೋಡಿ. ಬಿಗಿತ ಇಲ್ಲ, ಬೆರಳು ನೀವು ನೇರ ಮಾಡಿದಾಗ ನೋವು ಹೆಚ್ಚಲಿಲ್ಲ, ಔಷಧಿಗೆ ಅರ್ಧ ಗಂಟೆಯಲ್ಲಿ ಇಳಿಯಿತು ಅಂದರೆ ಬ್ಲಾಕ್ ಇಳಿದ ನೋವು. ಇದನ್ನು ತಪ್ಪಿಸಬಹುದು. ಬ್ಲಾಕ್ ಎಷ್ಟು ಹೊತ್ತಿಗೆ ಕೊಟ್ಟರು ಅಂತ ಥಿಯೇಟರಿನಿಂದ ಬರೆಸಿಕೊಳ್ಳಿ. ಔಷಧಿ ನೋಡಿ 8ರಿಂದ 24 ಗಂಟೆಯೊಳಗೆ ಇಳಿಯುತ್ತದೆ. ಬೆರಳಲ್ಲಿ ಜುಮ್ ಅನ್ನತೊಡಗಿದ ಕೂಡಲೇ, ನೋವು ಬರುವ ಮೊದಲೇ, ಮಾತ್ರೆ ಹೋಗಿರಲಿ. ಮಲಗುವ ಹೊತ್ತಿನ ಡೋಸನ್ನು ‘ನೋವಿಲ್ಲವಲ್ಲ’ ಅಂತ ಬಿಡಬೇಡಿ. ಸ್ಪರ್ಶ ಮರಳುವ ತನಕ ಕೈ ಜೋಳಿಗೆಯಲ್ಲೇ ಇರಲಿ. ಬಿಸಿ ಕಾಫಿ ಲೋಟ ಆ ಕೈಗೆ ಕೊಡಬೇಡಿ, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.